ಓಡದ ಟೈರಿನ ವಯಸ್ಸು

ಬಳಸದೆ ಎತ್ತಿಟ್ಟ ವಸ್ತುವಿಗೆ ವಯಸ್ಸಾಗುವುದಿಲ್ಲ ಎಂದು ನಂಬಿರುವ ಒಂದು ಪಂಗಡದ ಜನ ನಮ್ಮ ನಡುವೆ ಇದ್ದಾರೆ. ಅವರನ್ನು ಗುರುತಿಸುವುದು ಸುಲಭ. ಅವರ ಬೀರುವಿನಲ್ಲಿ ಮಡಿಕೆ ಬಿಚ್ಚದ ರೇಷ್ಮೆ ಪಂಚೆ ಇರುತ್ತದೆ, ಅಟ್ಟದ ಮೇಲೆ ಪ್ಲಾಸ್ಟಿಕ್ ಕವರು ಕಳಚದ ಫ್ಲಾಸ್ಕ್ ಇರುತ್ತದೆ, ಗೋಡೆಯ ಗೂಡಿನಲ್ಲಿ ಯಾರೋ ಕೊಟ್ಟ ಗಂಧದ ಸೋಪು ಒಳ್ಳೆಯ ದಿನಕ್ಕಾಗಿ ಕಾಯುತ್ತ ಕಾಯುತ್ತ ತನ್ನ ವಾಸನೆಯನ್ನೇ ಮರೆತು ಕೂತಿರುತ್ತದೆ. ಮನೆಗೆ ಬಂದವರಿಗೆ ಇವನ್ನೆಲ್ಲ ತೋರಿಸಿ, “ನೋಡಿ, ಹೊಸದರ ಹಾಗೇ ಇದೆ” ಎನ್ನುವುದು ಈ ಪಂಗಡದವರ ಪರಮಸುಖ. ನಾನು ಈ ಪಂಗಡದ ಕಟ್ಟಾ ಸದಸ್ಯ. ನಿವೃತ್ತಿಯ ದಿನದ ಬೀಳ್ಕೊಡುಗೆಗೆಂದು ಕೊಂಡ ಕರಿಯ ಬೂಟುಗಳನ್ನು ಆ ಒಂದು ಸಂಜೆ ಹಾಕಿದವನು, ಮನೆಗೆ ಬಂದು ಒರೆಸಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲೆ ಏರಿಸಿದ್ದೆ. ಆಗಾಗ ಮುಚ್ಚಳ ತೆಗೆದು ನೋಡಿ, ಸಂತೋಷಪಟ್ಟು, ಮತ್ತೆ ಮುಚ್ಚುವುದು. “ಅವನ್ನ ಕಾಲಿಗೆ ಅಂತ ತಗಂಡ್ರೋ, ದರ್ಶನಕ್ಕೆ ಅಂತ ತಗಂಡ್ರೋ?” ಎಂದು ನನ್ನ ಹೆಂಡತಿ ಗಿರಿಜೆ ಕೇಳುತ್ತಾಳೆ. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದೆಂಬುದನ್ನು ನಾನು ಮದುವೆಯಾದ ಹೊಸತರಲ್ಲೇ ಕಲಿತುಕೊಂಡೆ.

ಆದರೆ ಪಂಚೆ, ಫ್ಲಾಸ್ಕು, ಬೂಟುಗಳೆಲ್ಲ ಚಿಲ್ಲರೆ. ನಮ್ಮ ಮನೆಯ ನಿಜವಾದ ‘ಹೊಸದರ ಹಾಗಿರುವ’ ವಸ್ತುವೆಂದರೆ ತಂದೆಯವರ ಕಾಲದ ಅಂಬಾಸಿಡರ್ ಕಾರು. ಕಡೂರಿನ ನಮ್ಮ ಮನೆಯ ಪಕ್ಕದಲ್ಲಿ, ಹಿಂದೆ ಕೊಬ್ಬರಿ ತುಂಬಿಡುತ್ತಿದ್ದ ಶೆಡ್ಡಿನೊಳಗೆ, ಕೆನೆಹಾಲಿನ ಬಣ್ಣದ ಈ ಕಾರು ಹೊದಿಕೆ ಹೊದ್ದು ಮಲಗಿರುತ್ತದೆ. ಬಾಗಿಲು ತೆಗೆದರೆ ಇವತ್ತಿಗೂ ಪೆಟ್ರೋಲಿಗಿಂತ ಮೊದಲು ಕೊಬ್ಬರಿಯ ವಾಸನೆ ಬರುತ್ತದೆ. ತಂದೆಯವರು ಒಂದು ಪದ್ಧತಿ ಹಾಕಿಕೊಟ್ಟಿದ್ದರು: ನಮ್ಮ ಹೆಣ್ಣುಮಕ್ಕಳು ಮದುವೆಯ ಛತ್ರಕ್ಕೆ ಹೋಗುವುದು ಈ ಕಾರಿನಲ್ಲೇ, ಅದನ್ನು ಓಡಿಸುವವನು ಹುಡುಗಿಯ ಸೋದರಮಾವನೇ. ಸೋದರಮಾವ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವುದು ಎಲ್ಲರ ಮನೆಯಲ್ಲೂ ಇರುವುದೇ. ನಮ್ಮಲ್ಲಿ ಆ ಕೆಲಸ ಮನೆಬಾಗಿಲಿನಿಂದಲೇ, ಚಕ್ರದ ಮೇಲೆ ಶುರುವಾಗುತ್ತದೆ. ನನ್ನ ತಂಗಿ ಶಾರದೆಯನ್ನು ನಮ್ಮ ಮಾವ ಹೀಗೇ ಕರೆದುಕೊಂಡು ಹೋಗಿದ್ದರು. ಅವಳ ಮದುವೆಗೆಂದೇ ಕಾರಿಗೆ ಹೊಸ ಟೈರು ಹಾಕಿಸಿದ್ದೆವು. ಆಮೇಲೆ, ಶಾರದೆಯ ಮಗಳೊಬ್ಬಳನ್ನು ಬಿಟ್ಟರೆ, ಮನೆಯಲ್ಲಿ ಹುಟ್ಟಿದವರೆಲ್ಲ ಗಂಡುಮಕ್ಕಳೇ ಆದ್ದರಿಂದ ಕಾರಿಗೆ ಕೆಲಸವೇ ಇಲ್ಲದೆ ಹೋಯಿತು. ಭಾನುವಾರ ಸ್ಟಾರ್ಟ್ ಮಾಡಿ, ಅದು ಗುರುಗುಡುವುದನ್ನು ಕಣ್ಣುಮುಚ್ಚಿ ಕೇಳಿ ಆಫ್ ಮಾಡುವುದು. ಆಯುಧಪೂಜೆಗೆ ಅಂಗಳಕ್ಕೆ ತಂದು, ಚಕ್ರದಡಿ ನಿಂಬೆಹಣ್ಣಿಟ್ಟು ಹಿಸುಕಿಸಿ, ಮತ್ತೆ ಶೆಡ್ಡಿಗೆ ಸೇರಿಸುವುದು. ಆ ಟೈರುಗಳು ರಸ್ತೆಗಿಂತ ಹೆಚ್ಚಾಗಿ ನಿಂಬೆಹಣ್ಣಿನ ಮೇಲೆಯೇ ಓಡಾಡಿದ್ದವು ಎಂದರೂ ತಪ್ಪಾಗದು.

ಇಲ್ಲಿ ನನ್ನ ಉದ್ಯೋಗದ ವಿಷಯವನ್ನೂ ಹೇಳಬೇಕು, ಏಕೆಂದರೆ ಮುಂದೆ ನನ್ನ ಮರ್ಯಾದೆ ಹೋದದ್ದು ಅದೇ ದಾರಿಯಲ್ಲಿ. ನಾನು ಪಶುಪಾಲನಾ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಅಜ್ಜಂಪುರ, ಹಿರೇನಲ್ಲೂರು, ಎಮ್ಮೆದೊಡ್ಡಿ ಕಾವಲಿನ ಸುತ್ತಮುತ್ತ ದನಗಳ ಬಾಯಿ ಬಿಡಿಸಿಕೊಂಡೇ ಸರ್ವೀಸು ಮುಗಿಸಿದೆ. ದನದ ವಯಸ್ಸು ತಿಳಿಯಬೇಕಾದರೆ ಹಲ್ಲು ನೋಡಬೇಕು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು; ಎಲ್ಲ ಹಲ್ಲೂ ಬಂದುಬಿಟ್ಟರೆ ‘ಬಾಯಿಗೂಡಿದೆ’ ಎನ್ನುತ್ತಾರೆ. ಬಾಯಿಗೂಡಿದ ಮೇಲೆ ಎತ್ತಿನ ವಯಸ್ಸು ದೇವರಿಗೂ ಅದನ್ನು ಮಾರುವವನಿಗೂ ಮಾತ್ರ ಗೊತ್ತು. ಸಂತೆಯಲ್ಲಿ ಮಾರುವವರು ಮುದಿ ಎತ್ತಿನ ಕೊಂಬು ಹೆರೆದು, ಮೈಗೆ ಎಣ್ಣೆ ತಿಕ್ಕಿ, ಹೋರಿಯ ಹಾಗೆ ಮಿಂಚಿಸಿ ನಿಲ್ಲಿಸುತ್ತಿದ್ದರು. ನಾನು ಮಿಂಚಿಗೆ ಮರುಳಾಗುವವನಲ್ಲ. ಬೆರಳಿನಿಂದ ಮೈಯೊತ್ತಿ, ಎಣ್ಣೆ ಮೂಸಿ ನೋಡಿ, “ಏನಪ್ಪಾ, ಅಜ್ಜನಿಗೆ ಅಭ್ಯಂಜನ ಮಾಡ್ಸಿ ಕರ್ಕಂಡ್ ಬಂದಿದ್ದೀಯ?” ಎಂದುಬಿಡುತ್ತಿದ್ದೆ. ಸುತ್ತ ನಿಂತವರು ನಗುತ್ತಿದ್ದರು. ಆ ನಗು ಕೇಳಲಿಕ್ಕೆಂದೇ ನಾನು ರಜೆಯ ದಿನವೂ ದನದ ಸಂತೆಗೆ ಹೋಗುತ್ತಿದ್ದೆ ಎಂದು ಗಿರಿಜೆಯ ಆರೋಪ.

ಇಂಥ ನಾನು ಪ್ರತಿವರ್ಷ ಆಯುಧಪೂಜೆಯ ಬೆಳಗ್ಗೆ ಏನು ಮಾಡುತ್ತಿದ್ದೆ ಗೊತ್ತೇ? ಕಾರು ತೊಳೆದು, ಹಳೆಯ ಬನಿಯನ್ನಿನ ತುಂಡನ್ನು ನಮ್ಮದೇ ತೋಟದ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಟೈರುಗಳಿಗೆ ತಿಕ್ಕುತ್ತಿದ್ದೆ. ತೆಂಗಿನ ತೋಟವಿರುವ ನಮ್ಮ ಕಡೆಯ ಮನೆಗಳಲ್ಲಿ ಕೀಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಕೂದಲು ಉದುರಿದರೂ ಕೊಬ್ಬರಿ ಎಣ್ಣೆ, ಸಂಕ್ರಾಂತಿಗೆ ಎತ್ತಿನ ಗೊರಸಿಗೂ ಅದೇ. ಟೈರು ಕಾರಿನ ಗೊರಸು ತಾನೇ? ಎಣ್ಣೆ ಬಿದ್ದ ಕೂಡಲೇ ಬೂದು ಬಣ್ಣಕ್ಕೆ ತಿರುಗಿದ್ದ ರಬ್ಬರು ಕಪ್ಪಗೆ, ನುಣ್ಣಗೆ, ಎಳೆಯ ಎಮ್ಮೆಕರುವಿನ ಹಾಗೆ ಹೊಳೆಯುತ್ತಿತ್ತು. ನಾನು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, “ನೋಡೇ, ಗ್ರಿಪ್ ನೋಡು, ಒಂದು ಚೂರೂ ಸವೆದಿಲ್ಲ” ಎನ್ನುತ್ತಿದ್ದೆ. “ಓಡಿದ್ರೆ ತಾನೇ ಸವೆಯೋದು” ಎನ್ನುತ್ತಿದ್ದಳು ಗಿರಿಜೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಹೀಗಿರುವಾಗ ಶಾರದೆಯ ಮಗಳು ಚೈತ್ರಳ ಮದುವೆ ಗೊತ್ತಾಯಿತು. ತಂಗಿಯ ಮನೆ ತರೀಕೆರೆ. ಛತ್ರ ಅಜ್ಜಂಪುರದಲ್ಲಿ, ಗಂಡಿನವರ ಊರಿಗೆ ಹತ್ತಿರವೆಂದು. ಚೈತ್ರ ತರೀಕೆರೆಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಚಿಕ್ಕಂದಿನಿಂದ ನನ್ನ ಹಾಗೇ ಎಲ್ಲವನ್ನೂ ಬಿಚ್ಚಿ ನೋಡುವ ಬುದ್ಧಿ. ನಮ್ಮ ಮನೆಯ ಗೋಡೆ ಗಡಿಯಾರ ಇವತ್ತಿಗೂ ಹಿಂದೆ ಬಿದ್ದಿರುವುದಕ್ಕೆ ನಾವಿಬ್ಬರೂ ಸಮಪಾಲುದಾರರು. ಮದುವೆಯ ಮಾತು ಮುಗಿದ ದಿನವೇ ಅವಳು ಫೋನು ಮಾಡಿ, “ಮಾವ, ಅಮ್ಮ ಹೋದ ಕಾರಲ್ಲೇ ನಾನೂ ಹೋಗ್ಬೇಕು. ನೀವೇ ಓಡಿಸ್ಬೇಕು” ಎಂದಳು.  ಇರುವ ಒಬ್ಬಳೇ ತಂಗಿಯ ಒಬ್ಬಳೇ ಮಗಳು ಇವಳು; ಸೋದರಮಾವನಾದ ನನಗೆ ಈ ಕಾರನ್ನು ಮದುವಣಗಿತ್ತಿಗಾಗಿ ಓಡಿಸುವ ಅವಕಾಶ ಇದೊಂದೇ. ಜೀವನದಲ್ಲಿ ನಾನು ಇಷ್ಟು ಬಯಸಿದ ಇನ್ನೊಂದು ಕೆಲಸವಿಲ್ಲ ಎಂದರೆ ಗಿರಿಜೆ ಬೇಜಾರು ಮಾಡಿಕೊಳ್ಳಬಾರದು.

ಮೆಕ್ಯಾನಿಕ್ ಬಂದು ಬ್ಯಾಟರಿ, ಬ್ರೇಕು, ಆಯಿಲ್ಲು ಎಲ್ಲ ನೋಡಿದ. “ಟೈರು ಹಳೇವಲ್ವಾ ಸಾರ್?” ಎಂದು ಕೇಳಿದ್ದಕ್ಕೆ ನಾನು, “ಹಳೇವಲ್ಲ ಕಣಯ್ಯ, ಹಾಗೇ ಇಟ್ಟಿರೋವು” ಎಂದು ತಿದ್ದಿದೆ. ಅವನು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡ. ಗಿರಿಜೆ ಮಾತ್ರ, “ಶಾರದನ ಮದ್ವೆ ಟೈರು ಕಣ್ರೀ ಅವು. ಈಗ ಶಾರದನ ಮಗಳ ಮದ್ವೆ. ಹುಡುಗಿಗಿಂತ ಟೈರೇ ದೊಡ್ಡೋವಾದ್ವಲ್ರೀ” ಎಂದಳು. ಈ ಮಾತಿನಲ್ಲಿ ಏನೋ ಇದೆ ಎಂದು ಆಗಲೇ ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳ ಬಾಯಿ ಮುಚ್ಚಿಸಲು ಕಾರನ್ನು ಹಿರೇನಲ್ಲೂರಿನವರೆಗೆ ಓಡಿಸಿಕೊಂಡು ಬಂದೆ. ಗುಂಡಿಬಿದ್ದ ರಸ್ತೆ, ಎದುರಿಗೆ ಕುರಿಮಂದೆ, ಪಕ್ಕದಲ್ಲಿ ರಾಗಿಹುಲ್ಲಿನ ಟ್ರ್ಯಾಕ್ಟರು. ನಡೆದುಹೋಗುವವರು ನನ್ನನ್ನು ಮಾತಾಡಿಸಿಕೊಂಡೇ ಬರುವಷ್ಟು ನಿಧಾನ. ಒಂದು ತೊಂದರೆಯೂ ಆಗಲಿಲ್ಲ. ಗೆದ್ದವನ ಹಾಗೆ ಮನೆಗೆ ಬಂದು ಹಾರ್ನ್ ಹೊಡೆದೆ.

ಮದುವೆಗೆ ಕೆಲವು ದಿನ ಮೊದಲು ಚೈತ್ರ ಬಳೆ ತೊಡಿಸಿಕೊಳ್ಳಲೆಂದು ಕಡೂರಿಗೆ ಬಂದಿದ್ದಳು. ನಮ್ಮ ಬಳೆಗಾರರ ಹತ್ತಿರವೇ ಹಸಿರು ಬಳೆ ತೊಡಬೇಕೆಂದು ಶಾರದೆಯ ಆಸೆ. ಸಂಜೆ ಬಸ್ಸಿಗೆ ಹೊರಟವಳನ್ನು ನಾನೇ ತಡೆದೆ. “ಕಾರಲ್ಲೇ ಬಿಟ್ಟು ಬತ್ತೀನಿ ಕಣೇ. ಹೆದ್ದಾರೀಲಿ ಒಂದು ಟ್ರಯಲ್ಲೂ ಆಗುತ್ತೆ.” ಗಿರಿಜೆಯೂ ಬಂದಳು; ನನ್ನ ಮೇಲೆ ಕಣ್ಣಿಡಲಿಕ್ಕೆ. ಇಬ್ಬರೂ ಹಿಂದಿನ ಸೀಟಿನಲ್ಲಿ, ನಾನು ಮುಂದೆ ಒಬ್ಬನೇ, ಬಾಡಿಗೆ ಡ್ರೈವರಿನ ಠೀವಿಯಲ್ಲಿ. ಬೀರೂರು ದಾಟುವವರೆಗೆ ಸಾಧಾರಣ ವೇಗ. ಆಮೇಲೆ ರಸ್ತೆ ಅಗಲವಾಗಿ, ನುಣುಪಾಗಿ, ಕಣ್ಣು ಹಾಯುವಷ್ಟು ದೂರ ಖಾಲಿಯಾಗಿ ಬಿದ್ದುಕೊಂಡಿತ್ತು. ಬಿಸಿಲಿಗೆ ಡಾಂಬರು ಇನ್ನೂ ಕಾದಿತ್ತು. ಅಂಬಾಸಿಡರ್ ಕೂಡ ಹುರುಪುಗೊಂಡಿತು. ನಾನು ಸ್ಪೀಡು ಏರಿಸಿದೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ದಪ್, ದಪ್ ಎಂಬ ಸದ್ದು ಶುರುವಾಯಿತು. ನಾನು ಕಿವಿಗೊಟ್ಟು ಕೇಳಿದೆ. ರೋಗವಿದ್ದಲ್ಲಿ ನನಗೆ ಹೆದರಿಕೆಗಿಂತ ಮೊದಲು ಕುತೂಹಲವೇ ಹುಟ್ಟುವುದು; ಹಸುವಿನ ಹೊಟ್ಟೆಗೆ ಕಿವಿಯಿಟ್ಟು ಬೆಳೆದ ಅಭ್ಯಾಸ. “ಏನ್ರೀ ಅದು?” ಎಂದಳು ಗಿರಿಜೆ. “ನಿಂತೂ ನಿಂತೂ ಟೈರು ಒಂದು ಕಡೆ ಚಪ್ಪಟೆ ಆಗಿರುತ್ತೆ. ಓಡ್ತಾ ಓಡ್ತಾ ದುಂಡಗಾಗುತ್ತೆ” ಎಂದು ವಿವರಿಸಿದೆ. ಇದು ಸುಳ್ಳಲ್ಲ, ಹಾಗೂ ಆಗುವುದುಂಟಂತೆ. ಆದರೆ ಹಾಗಿದ್ದರೆ ಸದ್ದು ಕಡಿಮೆಯಾಗಬೇಕು, ಇದು ಜಾಸ್ತಿಯಾಗುತ್ತಿತ್ತು. “ಮಾವ, ನಿಲ್ಸಿ ನೋಡೋಣ” ಎಂದಳು ಚೈತ್ರ. ನಾನು, “ಇನ್ನೊಂದು ಸ್ವಲ್ಪ ದೂರ ಕಣೇ, ಸರಿಹೋಗುತ್ತೆ” ಎನ್ನುತ್ತಿದ್ದಂತೆ ಹಿಂದಿನ ಎಡಚಕ್ರದಲ್ಲಿ ಯಾರೋ ಮಡ್‌ಗಾರ್ಡಿಗೆ ಒನಕೆಯಿಂದ ಬಡಿದಂತೆ ಸದ್ದಾಯಿತು. ಅದರ ಹಿಂದೆಯೇ ಢಮಾರ್ ಎಂದಿತು. ಕಾರು ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ತೂಗಿತು. ಹಿಂದಿದ್ದ ಲಾರಿಯವನು ಹಾರ್ನ್ ಒತ್ತಿಹಿಡಿದು ನಮ್ಮನ್ನು ಸವರಿಕೊಂಡು ಹೋದ. ನಮ್ಮ ಬ್ರೇಕು ಎಷ್ಟು ಒತ್ತಿದರೂ ಯೋಚನೆ ಮಾಡಿಯೇ ಹಿಡಿಯುವಂಥದ್ದು, ಅದೇ ಒಳ್ಳೆಯದಾಯಿತು. ಗಕ್ಕನೆ ಹಿಡಿದಿದ್ದರೆ ಮಗುಚುತ್ತಿದ್ದೆವಂತೆ. ಸ್ಟೀರಿಂಗನ್ನು ಹೋರಿಯ ಕೊಂಬಿನ ಹಾಗೆ ಬಿಗಿಯಾಗಿ ಹಿಡಿದುಕೊಂಡೆ. ಕಾರು ತನಗೆ ತೋಚಿದಷ್ಟು ದೂರ ಹೋಗಿ, ರಸ್ತೆಯ ಪಕ್ಕದ ಮಣ್ಣಿಗಿಳಿದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಚೈತ್ರಳ ಕೈಯಲ್ಲಿ ಕೆಲವು ಬಳೆ ಒಡೆದು, ಮಣಿಕಟ್ಟಿನಲ್ಲಿ ಸಣ್ಣಗೆ ರಕ್ತ ಜಿನುಗಿತ್ತು, ಅಷ್ಟೆ. ಗಿರಿಜೆ ಆ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ಬಾಗಿಲ ಹಿಡಿಯನ್ನು ಹುಡುಕಲಿಕ್ಕೇ ಆಗಲಿಲ್ಲ. ಮದುವೆಯ ಸಂದರ್ಭದಲ್ಲಿ ಈ ಕಾರಿನಲ್ಲಿ ಹುಡುಗಿಯ ಜೊತೆಗೆ ತಂಗಿ, ಅಜ್ಜಿ, ತೊಡೆಯ ಮೇಲೊಂದು ತೊಡೆಯ ಮೇಲೊಂದು ಮಕ್ಕಳು ತುಂಬಿರುತ್ತಿದ್ದರು ಎಂಬುದು ನೆನಪಾಯಿತು. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮೊದಲು ಇಳಿದವಳು ಚೈತ್ರಳೇ. ಹಿಂದಕ್ಕೆ ನಡೆದುಹೋಗಿ, ರಸ್ತೆಯಲ್ಲಿ ಸತ್ತ ಹಾವಿನ ಹಾಗೆ ಬಿದ್ದಿದ್ದ ರಬ್ಬರಿನ ಉದ್ದನೆಯ ಪಟ್ಟಿಯನ್ನು ಎಳೆದುಕೊಂಡು ಬಂದಳು. ಟೈರಿನ ಮೇಲ್ಭಾಗ ಪೂರ್ತಿಯಾಗಿ, ರೊಟ್ಟಿ ಹಂಚಿನಿಂದ ಎದ್ದ ಹಾಗೆ, ಎದ್ದುಬಂದಿತ್ತು. ನಾನು ಹೊಗಳುತ್ತಿದ್ದ ಗ್ರಿಪ್ ಅದರಲ್ಲಿ ಒಂದು ಚೂರೂ ಸವೆಯದೆ, ಅಚ್ಚೊತ್ತಿದಂತೆ ಹಾಗೇ ಇತ್ತು. ಗ್ರಿಪ್ ಇತ್ತು, ಟೈರು ಇರಲಿಲ್ಲ. ಅವಳು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಅಂಗಡಿಯಲ್ಲಿ ಮಾತ್ರೆಯ ಶೀಟು ಕೈಗೆತ್ತಿಕೊಂಡವಳ ಹಾಗೆ, “ಮಾವ, ಇದರದ್ದು ಎಕ್ಸ್‌ಪೈರಿ ಡೇಟ್ ಎಲ್ಲಿರುತ್ತೆ?” ಎಂದಳು. “ಟೈರಿಗೆಲ್ಲಿ ಬಂತೇ ಡೇಟು” ಎಂದೆ. ಹಾಗೆ ಅಂದವನಿಗೆ ತಕ್ಷಣ ನಮ್ಮ ಪಶು ಆಸ್ಪತ್ರೆಯ ಫ್ರಿಜ್ಜು ನೆನಪಾಯಿತು. ಒಂದು ಹನಿಯೂ ಬಳಸದ ಲಸಿಕೆಯ ಬಾಟಲಿಗಳನ್ನು ತಾರೀಕು ಮೀರಿತೆಂದು ನಾನೇ ಎಸೆದಿದ್ದೇನೆ. ಬಳಸಿಲ್ಲ, ಆದ್ದರಿಂದ ಹೊಸದು ಎಂದು ಯಾವ ಹಸುವಿಗೂ ಚುಚ್ಚಿಲ್ಲ. ಹಸುವಿಗೆ ಅನ್ವಯಿಸಿದ ಬುದ್ಧಿ ಸೋದರಸೊಸೆಗೆ ಏಕೆ ಅನ್ವಯಿಸಲಿಲ್ಲವೋ ಗೊತ್ತಿಲ್ಲ.

ಇಬ್ಬರೂ ನೆಲಕ್ಕೆ ಕೂತೆವು. ಅವಳು ಫೋನಿನಲ್ಲಿ ಹುಡುಕಿದಳು, ನಾನು ಕನ್ನಡಕ ಏರಿಸಿ ಟೈರಿನ ಕೆನ್ನೆ ಸವರಿದೆ. ಟೈರಿನ ಪಕ್ಕದಲ್ಲಿ ಒಂದು ಸಾಲು ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವಂತೆ. ಮೊದಲಿನ ಎರಡು, ಅದು ಹುಟ್ಟಿದ ವಾರ. ಕೊನೆಯ ಎರಡು, ವರ್ಷ. ಎಲಾ! ಟೈರಿಗೂ ಹಲ್ಲಿದೆ! ಹೆದರಿಕೆ ಹಾಗೇ ಇದ್ದರೂ ನನ್ನ ಕಣ್ಣು ಅರಳಿತು. ಎಣ್ಣೆಯ ಜಿಡ್ಡಿಗೆ ಮೆತ್ತಿಕೊಂಡಿದ್ದ ಧೂಳನ್ನು ಉಗುರಿನಿಂದ ಕೆರೆದೆ. ಕೆರೆದಲ್ಲೆಲ್ಲ ಅಡಿಯಲ್ಲಿ ಸಣ್ಣ ಸಣ್ಣ ಬಿರುಕು, ಬೇಸಿಗೆಯ ಕೆರೆಯಂಗಳದ ಹಾಗೆ. ಉಗುರು ಊರಿದರೆ ಊರುತ್ತಿರಲಿಲ್ಲ. ರಬ್ಬರು ಕೊಂಬಿನಷ್ಟು ಗಟ್ಟಿಯಾಗಿತ್ತು. ಕೊನೆಗೆ ಅಂಕಿ ಸಿಕ್ಕಿತು. “ಮೂರೇ ಇದ್ಯಲ್ಲೇ?” ಎಂದೆ. ಚೈತ್ರ ಫೋನು ಓದಿದಳು. “ಮೂರೇ ಇದ್ರೆ ಅದು ಹೋದ ಶತಮಾನದ್ದಂತೆ ಮಾವ. ಕೊನೇ ಒಂದು ಅಂಕಿ ವರ್ಷ. ಆದ್ರೆ ಯಾವ ದಶಕ ಅಂತ ಅದನ್ನ ನೋಡಿ ಹೇಳಕ್ಕೆ ಬರಲ್ವಂತೆ.” ಬಾಯಿಗೂಡಿದ ಎತ್ತು! ಎಣ್ಣೆ ತಿಕ್ಕಿ ಮಿಂಚಿಸಿ ನಿಲ್ಲಿಸಿದ ಬಾಯಿಗೂಡಿದ ಎತ್ತನ್ನು ಇಷ್ಟು ವರ್ಷ ನನಗೆ ನಾನೇ ಮಾರಿಕೊಂಡಿದ್ದೆ. ಕೊಬ್ಬರಿ ಎಣ್ಣೆಯಂಥ ಎಣ್ಣೆಗಳು ರಬ್ಬರಿಗೆ ಆಗಿಬರುವುದಿಲ್ಲ, ಬಿರುಕನ್ನು ಕಣ್ಣಿಗೆ ಮುಚ್ಚುತ್ತವೆ ಅಷ್ಟೆ ಎಂದು ಅವಳು ಮುಂದಕ್ಕೆ ಓದುತ್ತಿದ್ದಳು. ಗಿರಿಜೆ ಕಾರಿನೊಳಗಿನಿಂದಲೇ, “ಅಜ್ಜನಿಗೆ ಅಭ್ಯಂಜನ” ಎಂದಳು.

ಶಾರದೆಯ ಗಂಡ ಮಲ್ಲಿಕಾರ್ಜುನನಿಗೆ ಫೋನು ಮಾಡಿದೆವು. ವಿಷಯ ಕೇಳಿದ ಅವನು, “ಹೆದರ್ಬೇಡಿ ಭಾವ, ಡಿಕ್ಕೀಲಿ ಸ್ಟೆಪ್ನಿ ಇದ್ಯಲ್ಲ? ಅದು ಒಂದು ದಿನಾನೂ ನೆಲ ಮುಟ್ಟಿಲ್ಲ, ಬ್ರಾಂಡ್ ನ್ಯೂ. ಹಾಕ್ಕಂಡ್ ಬನ್ನಿ” ಎಂದ. ನಮ್ಮ ಪಂಗಡದ ಸದಸ್ಯರು ಎಲ್ಲ ಊರಿನಲ್ಲೂ ಇದ್ದಾರೆ. ಸ್ಟೆಪ್ನಿ ಇಳಿಸಿ ನೋಡಿದೆವು. ಅದು ತಂದೆಯವರು ಕಾರಿನ ಜೊತೆಗೇ ಪಡೆದದ್ದು. ಎಷ್ಟು ಕೆರೆದರೂ ಅದರ ಮೇಲೆ ಅಂಕಿಯೇ ಕಾಣಲಿಲ್ಲ. “ಜಾತಕ ಬರೆಯೋ ಪದ್ಧತಿ ಬರೋಕೆ ಮುಂಚೆನೇ ಹುಟ್ಟಿರ್ಬೇಕು. ಅದನ್ನ ಹಾಕಿದ್ರೆ ನಾನು ತರೀಕೆರೆಗೆ ನಡ್ಕಂಡೇ ಹೋಗ್ತೀನಿ” ಎಂದು ಗಿರಿಜೆ ನಿಜವಾಗಿಯೂ ಚಪ್ಪಲಿ ಮೆಟ್ಟಿ ಇಳಿದಳು. ಕೊನೆಗೆ ಮಲ್ಲಿಕಾರ್ಜುನನೇ ತನ್ನ ಗಾಡಿ ತಂದು ನಮ್ಮನ್ನು ಕರೆದುಕೊಂಡು ಹೋದ.

ದಾರಿಯಲ್ಲಿ ನಾನು ಹೇಳಿದೆ: “ಮದ್ವೆಗೆ ಬೇರೆ ಕಾರು ಮಾಡಿ ಮಲ್ಲಿಕಾರ್ಜುನ. ಇದು ಬೇಡ.” ಹೇಳುವಾಗ ಧ್ವನಿ ನನ್ನದಲ್ಲ ಎನ್ನಿಸಿತು.  ಚೈತ್ರ ಬಳೆ ಒಡೆದ ಕೈಯನ್ನು ನನ್ನ ಭುಜದ ಮೇಲಿಟ್ಟು, “ಅಮ್ಮ ಹೋದ ಕಾರಲ್ಲಿ ಹೋಗ್ಬೇಕು ಅಂದಿದ್ದೆ ಮಾವ. ಅಮ್ಮ ಹೋದ ಟೈರಲ್ಲೇ ಹೋಗ್ಬೇಕು ಅಂತ ನಾನೆಲ್ಲಂದೆ?” ಎಂದಳು. ಆ ಮಾತಿಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕಣ್ಣೊರೆಸಿಕೊಂಡೆ. ಗಿರಿಜೆ ನೋಡಿಯೂ ನೋಡದವಳ ಹಾಗಿದ್ದಳು.

ಮಾರನೆಯ ದಿನ ಟೋಯಿಂಗ್ ಗಾಡಿಯಲ್ಲಿ ಕಾರನ್ನು ತರಿಸಿ, ತರೀಕೆರೆಯ ಟೈರು ಅಂಗಡಿಗೆ ಹೋದೆ. ಅಂಗಡಿಯವರು ಒಂದು ಟೈರನ್ನು ಉರುಳಿಸಿ ತಂದು, “ಹೊಸಾ ಮಾಲು ಸಾರ್” ಎಂದರು. ನಾನು ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಏರಿಸಿ, ಹಲ್ಲು ನೋಡಿದೆ. “ಇದು ಬೇಡ, ಅಂಗಡೀಲೇ ಬಾಯಿಗೂಡೋ ಹಾಗಿದೆ. ಎಳೇದು ಕೊಡಿ.” ಅವರು ಇನ್ನೊಂದು ತಂದರು. ಮತ್ತೊಂದು ತಂದರು. ಕೊನೆಗೆ ಗೋದಾಮಿನ ಬಾಗಿಲನ್ನೇ ತೆಗೆದು, “ನೀವೇ ಒಳಕ್ಕೆ ಹೋಗಿ ಆರ್ಸ್ಕಳಿ ಸಾರ್” ಎಂದು ಕೈಮುಗಿದರು. ಅಂಥ ಸುಖ ನನಗೆ ನಿವೃತ್ತಿಯಾದಮೇಲೆ ಸಿಕ್ಕಿರಲಿಲ್ಲ. ಸ್ಟೆಪ್ನಿಯೂ ಸೇರಿ ಐದು ಎಳೆಯ ಟೈರುಗಳನ್ನು ಆರಿಸಿ ಹಾಕಿಸಿದೆ. ಹಳೆಯ ನಾಲ್ಕರಲ್ಲಿ ಮೂರನ್ನು ತೋಟದಲ್ಲಿ ತೆಂಗಿನ ಸಸಿಗಳ ಸುತ್ತ ಮಲಗಿಸಿದ್ದೇನೆ. ತೆಂಗಿನ ಎಣ್ಣೆ ಕುಡಿದ ಋಣ.

ಆದರೆ ಕುತೂಹಲ ಅಷ್ಟಕ್ಕೆ ನಿಲ್ಲುವ ರೋಗವಲ್ಲ. ನಿಂತ ಟೈರು ಓಡುವ ಟೈರಿಗಿಂತ ಬೇಗ ಕೆಡಬಹುದು ಎಂಬುದು ನನ್ನ ತಲೆಯನ್ನು ಕೊರೆಯತೊಡಗಿತು. ಯಾಕೆ? ಓದಿದೆ, ಕಂಡವರನ್ನು ಕೇಳಿದೆ. ರಬ್ಬರಿನೊಳಗೆ ಅದನ್ನು ಕಾಪಾಡುವ ಜಿಡ್ಡೊಂದನ್ನು ಬೆರೆಸಿರುತ್ತಾರಂತೆ. ಚಕ್ರ ಉರುಳಿ ರಬ್ಬರು ಅಮುಕಿ ಅಮುಕಿ ಬಿಟ್ಟಾಗ ಆ ಜಿಡ್ಡು ಮೇಲಕ್ಕೆ ಬಂದು ಗಾಳಿಬಿಸಿಲಿನಿಂದ ಕಾಯುತ್ತದೆ. ನಿಂತೇ ಇದ್ದರೆ ಅದು ಒಳಗೇ ಉಳಿದು, ಮೇಲೆ ಗಾಳಿ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಹೊರಗೆ ಗ್ರಿಪ್ ಹಾಗೇ ಇರುತ್ತದೆ. ಒಳಗಿನ ಪದರಗಳ ಬೆಸುಗೆ ಬಿಟ್ಟಿರುತ್ತದೆ. ಹಿರೇನಲ್ಲೂರಿನ ರಸ್ತೆಯಲ್ಲಿ ಆಮೆನಡಿಗೆಯಲ್ಲಿ ಹೋದಾಗ ಏನೂ ತಿಳಿಯುವುದಿಲ್ಲ. ಹೆದ್ದಾರಿಯಲ್ಲಿ ಕಾವೇರಿದಾಗ ಕಿತ್ತುಕೊಂಡು ಹೋಗುತ್ತದೆ. ಇದು ನನಗೆ ಹೊಸದೇನೂ ಆಗಿರಬೇಕಿರಲಿಲ್ಲ. ಎಮ್ಮೆದೊಡ್ಡಿಯ ಕಾವಲಿನಲ್ಲಿ ದಿನವಿಡೀ ತಿರುಗುವ ಅಮೃತಮಹಲ್ ದನಗಳ ಗೊರಸು ಎಷ್ಟು ಚೊಕ್ಕವಾಗಿರುತ್ತದೆ! ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಮುದ್ದು ಮಾಡಿದ ಹಸುವಿನ ಗೊರಸೇ ಬೆಳೆದು, ಬಿರಿದು, ಕುಂಟು ಬರುವುದು. ಎಷ್ಟು ಜನರಿಗೆ, “ದನಾನ ನಡೆಸ್ರಪ್ಪಾ, ನಿಲ್ಸಿ ಕೊಲ್ಲಬೇಡ್ರಿ” ಎಂದು ಉಪದೇಶ ಮಾಡಿದ್ದೆನೋ.

ಅಂದಿನಿಂದ ನನ್ನ ಜೊತೆ ಹೊರಗೆ ಹೋಗುವುದು ಗಿರಿಜೆಗೆ ಕಷ್ಟವಾಗಿದೆ. ನಿಂತ ಕಾರು ಕಂಡರೆ ನಾನು ಬಗ್ಗುತ್ತೇನೆ. ಕಡೂರಿನ ಪೇಟೆಯಲ್ಲಿ ಒಬ್ಬರು ನನ್ನನ್ನು ಗಾಳಿ ಬಿಡುವ ಕಿಡಿಗೇಡಿ ಎಂದು ತಿಳಿದು ಕೂಗಿದರು. ನೆಂಟರ ಮನೆಗೆ ಹೋದರೆ ಕಾಫಿಗೆ ಮುಂಚೆ ಅವರ ಗಾಡಿಯ ಹಲ್ಲು ನೋಡಿ, “ನಿಮ್ದು ಬಾಯಿಗೂಡ್ತಾ ಬಂದಿದೆ” ಎಂದುಬಿಡುತ್ತೇನೆ. ಕೆಲವರು ಇದನ್ನು ತಮ್ಮ ವಯಸ್ಸಿನ ಬಗ್ಗೆ ಎಂದುಕೊಂಡು ಮುಖ ಗಂಟಿಕ್ಕುತ್ತಾರೆ.

ಮದುವೆಯ ಹಿಂದಿನ ದಿನದ ಮಧ್ಯಾಹ್ನ ಬಂತು. ಪಂಚೆಯುಟ್ಟು ಅಂಬಾಸಿಡರ್ ಓಡಿಸುವುದು ಕಷ್ಟವೆಂದು ಪ್ಯಾಂಟು, ಕೋಟು ಹಾಕಿದೆ. ಇಂಥ ದಿನಕ್ಕಲ್ಲದೆ ಇನ್ನಾವುದಕ್ಕೆಂದು ಬೀರುವಿನ ಮೇಲಿನ ಪೆಟ್ಟಿಗೆ ಇಳಿಸಿ ಆ ಕರಿಯ ಬೂಟುಗಳನ್ನೂ ತೊಟ್ಟೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ತರೀಕೆರೆಯಲ್ಲಿ ಚೈತ್ರ ಹೊಸ ಹಸಿರು ಬಳೆ ತೊಟ್ಟು, ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕದಲ್ಲಿ ಕೂತಳು. ಗಿರಿಜೆ ನನ್ನ ಪಕ್ಕ. ಅಜ್ಜಂಪುರದ ದಾರಿಯುದ್ದಕ್ಕೂ ಹೊಸ ಟೈರು ಬೆಣ್ಣೆಯ ಮೇಲೆ ಜಾರುವಂತೆ ಉರುಳಿತು. ದಪ್ ಇಲ್ಲ, ದುಪ್ ಇಲ್ಲ. ಬ್ರೇಕು ಒತ್ತಿದಾಗ ಮಾತ್ರ ಪೆಡಲು ಸ್ವಲ್ಪ ಅಂಟಿದ ಹಾಗಾಗುತ್ತಿತ್ತು. ಕೆಳಗೆ ನೋಡಿದರೆ ಮ್ಯಾಟಿನ ಮೇಲೆ ಕರಿಯ ಪುಡಿ ಉದುರಿತ್ತು. ಪೆಡಲಿನ ರಬ್ಬರಿಗೂ ವಯಸ್ಸಾಗಿದೆ, ಮದುವೆ ಮುಗಿದ ಮೇಲೆ ಅದರ ಹಲ್ಲನ್ನೂ ನೋಡಬೇಕು ಎಂದುಕೊಂಡೆ.

ಛತ್ರದ ಮುಂದೆ ಕಾರು ನಿಂತಿತು. ಆರತಿ ತಟ್ಟೆ ಹಿಡಿದ ಹೆಂಗಸರು ಬಾಗಿಲಲ್ಲೇ ಕಾದಿದ್ದರು. ಗಂಡಿನ ಕಡೆಯ ಹಿರಿಯರು ಕಾರಿನ ಸುತ್ತ ಸೇರಿ, “ಎಷ್ಟು ಚೆನ್ನಾಗಿ ಇಟ್ಕಂಡಿದ್ದೀರ” ಎಂದರು. ನನ್ನ ಎದೆ ಉಬ್ಬಿತು. “ಇಟ್ಟುಕೊಂಡ್ರೆ ಸಾಲದು ಸ್ವಾಮಿ, ಟೈರಿನ ವಯಸ್ಸು ನೋಡ್ಬೇಕು” ಎಂದು ಅವರಿಗೆಲ್ಲ ಒಂದು ಸಣ್ಣ ಉಪನ್ಯಾಸ ಕೊಟ್ಟು, ಹುಡುಗಿಯ ಬಾಗಿಲು ತೆಗೆಯಲೆಂದು ಕಾರಿನ ಹಿಂದಿನಿಂದ ಸುತ್ತಿಕೊಂಡು ಹೊರಟೆ. ದಪ್, ದಪ್ ಎಂದು ಸದ್ದು ಬಂತು.  ಅದೇ ಸದ್ದು. ಕಾರು ನಿಂತಿದೆ, ಎಂಜಿನ್ನು ಆಫಾಗಿದೆ, ಸದ್ದು ಎಲ್ಲಿಂದ? ಹಿರಿಯರೆಲ್ಲ ಬಗ್ಗಿ ಹೊಸ ಟೈರುಗಳನ್ನು ನೋಡಿದರು. ನಾನೂ ಬಗ್ಗಿದೆ. ಎಲ್ಲ ಸರಿಯಾಗಿತ್ತು. ಎದ್ದು ಎರಡು ಹೆಜ್ಜೆ ಇಟ್ಟೆ. ದಪ್, ದಪ್. ಆಮೇಲೆ ಬಲಗಾಲಿಗೆ ಅಜ್ಜಂಪುರದ ಮಣ್ಣು ತಣ್ಣಗೆ ತಾಗಿತು.

ಚೈತ್ರ ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಹಿಂದೆ ನೆಲದ ಮೇಲೆ ಬಿದ್ದಿದ್ದುದನ್ನು ನೋಡಿ, “ಮಾವ, ನಿಮ್ಮ ಗ್ರಿಪ್ ಬಿಚ್ಕಂಡ್ ಹೋಯ್ತು” ಎಂದಳು. ಬೂಟಿನ ಅಟ್ಟೆ ಪೂರ್ತಿಯಾಗಿ ಎದ್ದು ಬಂದಿತ್ತು. ಅಡಿಯಲ್ಲಿನ ಗೆರೆಗಳು ಒಂದು ಚೂರೂ ಸವೆದಿರಲಿಲ್ಲ. ಗಿರಿಜೆ ಅದನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಹಿಂದೆಮುಂದೆ ತಿರುಗಿಸಿ ಅಂಕಿ ಹುಡುಕಿದಳು. ಆರತಿಯ ಹೆಂಗಸರಿಂದ ಹಿಡಿದು ಗಂಡಿನ ಕಡೆಯ ಹಿರಿಯರವರೆಗೆ ಎಲ್ಲರೂ ನಕ್ಕರು. ದನದ ಸಂತೆಯಲ್ಲಿ ಕೇಳುತ್ತಿದ್ದ ಅದೇ ನಗು, ಎತ್ತು ಮಾತ್ರ ಬೇರೆ.

ಛತ್ರದೊಳಕ್ಕೆ ಹೇಗೂ ಬರಿಗಾಲಲ್ಲೇ ಹೋಗಬೇಕಿತ್ತು. ಎರಡೂ ಬೂಟು ಕಳಚಿ, ಚೈತ್ರಳ ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಅವಳ ಹೊಸ ಬಳೆಗಳಲ್ಲಿ ಒಂದೂ ಒಡೆದಿರಲಿಲ್ಲ. ಅಷ್ಟು ಸಂತೋಷ ನನಗೆ ಬೇರೆ ಯಾವ ದಿನವೂ ಆಗಿಲ್ಲ.

ಮದುವೆ ಮುಗಿಸಿ ಮನೆಗೆ ಬಂದ ಮೇಲೆ ಬಲಗಾಲಿನ ಬೂಟನ್ನು ಗಿರಿಜೆಯೇ ಎಸೆದಳು. ಎಡಗಾಲಿನದನ್ನು ನಾನು ಎಸೆಯಲು ಬಿಡಲಿಲ್ಲ. ಅದು ಇನ್ನೂ ಗಟ್ಟಿಮುಟ್ಟಾಗಿದೆ. ಒರೆಸಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲೆ ಇಟ್ಟಿದ್ದೇನೆ. ನೋಡಿದರೆ ಹೊಸದರ ಹಾಗೇ ಇದೆ.